ಧ್ರುವದ ಮೇಲಿನ ಮೂವತ್ತೇಳು ಗಂಟುಗಳು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುವುದು. ಅವಳ ಕೆಲಸ ಏನು ಅಂತ ಹೇಳಿದರೆ ಹೊರಗಿನವರು ನಗುತ್ತಾರೆ. ಭೂಮಿಯ ತುತ್ತತುದಿಯಲ್ಲಿ, ಧ್ರುವದ ಮೇಲೆ, ಬಲು ಎತ್ತರದಲ್ಲಿ ವಿದ್ಯುತ್ ತುಂಬಿದ ಗಾಳಿಯಿದೆಯಂತೆ, ಪ್ಲಾಸ್ಮಾ ಅನ್ನುತ್ತಾರೆ. ಒಂದು ಕಡೆ ದಟ್ಟ, ಪಕ್ಕದಲ್ಲೇ ತೆಳು. ದಟ್ಟವಾದ ಕಡೆ ಗಂಟು. ಸಂಕೇತ ಅದಕ್ಕೆ ಸಿಕ್ಕಿದರೆ ವಿಮಾನದ ರೇಡಿಯೋ ತೊದಲುತ್ತದೆ. ಅಲ್ಲಿ ಹಾದುಹೋಗುವ ಉಪಗ್ರಹಗಳು ಅಳೆದು ಕಳಿಸಿದ ಏರಿಳಿತದ ಗೆರೆ ನೋಡಿ ಗಂಟಿಗೆ ಗುರುತು ಹಾಕುತ್ತಾ ಅಕ್ಕನಿಗೆ ಹತ್ತೊಂಬತ್ತು ವರ್ಷವಾಯಿತು.

ಅವಳ ಮುಖ್ಯಸ್ಥರಿಗೆ ಗಂಟು ಕಂಡರಾಗದು. ಏರಿಳಿತದ ಗೆರೆಯನ್ನೆಲ್ಲ ಸರಾಸರಿ ತೆಗೆದು ನುಣ್ಣಗೆ ಮಾಡಿಬಿಡುತ್ತಾರೆ. ಅವರಿಗೆ ‘ಇಸ್ತ್ರಿ ಸಾಹೇಬ್ರು’ ಅಂತ ಹೆಸರಿಟ್ಟವನು ಅಕ್ಕನ ಗಂಡ, ದರ್ಜಿ. ಸಾಹೇಬರು ಮೂರು ಕೋಣೆ ದಾಟಿ ಬಂದು ಒಂದು ಗೆರೆ ಕಣ್ಣಾರೆ ನೋಡಿದವರಲ್ಲ. ಸಭೆಯಲ್ಲಿ ಮಾತ್ರ ಉಪಗ್ರಹವನ್ನು ಹೆಗಲ ಮೇಲೆ ಹೊತ್ತು ತಿರುಗಿದವರ ಹಾಗೆ ಮಾತು.

ಆ ಚಳಿಗಾಲದ ಗೆರೆಗಳಲ್ಲಿ ಅಕ್ಕನಿಗೆ ಮೂವತ್ತೇಳು ಗಂಟು ಸಿಕ್ಕವು. ಅಷ್ಟರಲ್ಲಿ ಸಾಹೇಬರು, ಧ್ರುವದ ಮೇಲೆ ಎಲ್ಲ ಸಮತಟ್ಟು ಅಂತ ಲೇಖನ ಬರೆದು ಕಳಿಸಿಯಾಗಿತ್ತು. ಅವತ್ತು ಮೊದಲ ಸಲ ಅವಳ ಕೋಣೆಗೆ ಬಂದರು, ದಾಖಲೆ ಅಳಿಸಲು ಒಪ್ಪಿಗೆ ಕೊಡುವ ಒಂದು ಹಾಳೆ ಹಿಡಿದು.

“ಇವೆಲ್ಲ ಉಪಕರಣದ ಬಿಕ್ಕಳಿಕೆ ಅಕ್ಕಾ. ಅಳಿಸಿಬಿಡಿ. ಪರಿಶೀಲಿಸಿದವರ ಸಹಿ ಇಲ್ಲಿ.”

ಸಹಿ ಬಿದ್ದರೆ ಮೂಲ ದಾಖಲೆಯೇ ಹೋಯಿತು. ಕಳೆದ ಚಳಿಗಾಲವನ್ನು ಮತ್ತೆ ಅಳೆಯಲಾಗುತ್ತದೆಯೇ?

“ಬಿಕ್ಕಳಿಕೆ ಒಬ್ರಿಗೇ ತಾನೇ ಬರೋದು ಸರ್?” ಅಂದಳು ಅಕ್ಕ. ಅದೇ ದಾರಿಯಲ್ಲಿ ಹತ್ತು ಸೆಕೆಂಡು ಹಿಂದೆ ಬರುವ ಇನ್ನೊಂದು ಉಪಗ್ರಹದ ಗೆರೆ ಪಕ್ಕಕ್ಕಿಟ್ಟಳು. ಅದೇ ಜಾಗ, ಅದೇ ಗಂಟು. “ಇದಕ್ಕೂ ಸರಿಯಾಗಿ ಅಲ್ಲೇ ಬಂತಾ? ಮೂವತ್ತೇಳು ಸಲಾನೂ?”

ಸಾಹೇಬರು ಕನ್ನಡಕ ಒರೆಸಿದರು. ಅವರಿಗೆ ಅರ್ಥವಾಗಿತ್ತು, ಅಸಹ್ಯವಾದದ್ದೇ ಅದು. ದಡ್ಡರಾಗಿದ್ದರೆ ಹೋಗಲಿ ಪಾಪ ಅನ್ನಬಹುದಿತ್ತು.

“ನೋಡಿ, ಲೇಖನ ಹೋಗಿಬಿಟ್ಟಿದೆ. ನಿಮ್ಮ ಗಂಟೇನು ಹೋಗುತ್ತೆ?”

ಅಕ್ಕ ಪೆನ್ನು ತೆಗೆದಳು. ಅವರ ಮುಖ ಅರಳಿತು. ಕಾರಣ ಅಂತಿದ್ದ ಜಾಗದಲ್ಲಿ ಅವಳು ನಿಧಾನಕ್ಕೆ ಬರೆದಳು: ‘ಎರಡೂ ಉಪಗ್ರಹಗಳಲ್ಲಿ ಕಂಡಿದೆ. ಅಳಿಸಬಾರದು.’ ಕೆಳಗೆ ದುಂಡಗೆ ಸಹಿ, ತಾರೀಖು.

“ಇದರ ಕೆಳಗೆ ನೀವು ಅಳಿಸಿ ಅಂತ ಬರೆದು ಸಹಿ ಹಾಕಿ ಸರ್. ಈಗಲೇ ಅಳಿಸ್ತೀನಿ.”

ಸಭೆಯಲ್ಲಿ ಅಷ್ಟುದ್ದ ಬೀಸುವ ಕೈ ಪೆನ್ನಿನವರೆಗೆ ಬರಲಿಲ್ಲ. “ಆಮೇಲೆ ನೋಡೋಣ” ಅಂದು ಹಾಳೆ ಮಡಚಿ ಜೇಬಿಗೆ ತುರುಕಿಕೊಂಡರು.

“ಆ ಹಾಳೆ ನಿಮ್ಮ ಹತ್ರಾನೇ ಇರ್ಲಿ ಸರ್. ನಾಳೆ ಇದನ್ನೇ ಇನ್ನೊಂದು ಹಾಳೇಲಿ ಬರೆದು ಫೈಲಿಗೆ ಹಾಕ್ತೀನಿ,” ಅಂದಳು ಅಕ್ಕ.

ಕೇಳಿಸದವರ ಹಾಗೆ ನಡೆದರು. ಮೂವತ್ತೇಳೂ ಉಳಿದವು. ಅವರು ತೆರೆದಿಟ್ಟು ಹೋದ ಬಾಗಿಲು ಹಾಕುವುದಕ್ಕೂ ಅಕ್ಕ ಏಳಲಿಲ್ಲ.