ಭಾಲ್ಕಿಯಲ್ಲಿ ಬರೆಸಿದ ಹೆಸರು

ಭಾಲ್ಕಿಯ ದವಾಖಾನೆಯಲ್ಲಿ ನಾನು ಸುಳ್ಳು ಹೆಸರು ಬರೆಸಿದೆ, ಐದೇ ನಿಮಿಷದಲ್ಲಿ ಅದನ್ನು ಮರೆತೂ ಬಿಟ್ಟೆ. ಕಂಪೌಂಡರ್ ಮೂರು ಸಲ ಕೂಗಿದ. ಯಾರೂ ಏಳಲಿಲ್ಲ. ನನಗೇ ಸಿಟ್ಟು ಬಂತು.

"ಯಾರದ್ರಿ ಆ ಹೆಸರು? ಲಗೂ ಏಳ್ರಿ, ನಮಗೂ ಮನಿ ಅದಾವ!" ಎಂದು ಇಡೀ ವರಾಂಡ ನಡುಗುವಂತೆ ಗದರಿಸಿದೆ.

"ತಮ್ಮಾ," ಎಂದಳು ಪಕ್ಕದ ಅಜ್ಜಿ, "ನೀ ಬರಸೂ ಮುಂದ ನಾ ಕೇಳೀನಿ. ಅದು ನಿಂದೇ ಹೆಸರು."

ನಾಟಕಕ್ಕೆ ಕಾರಣ ನನ್ನ ಎಚ್‌ಐವಿ. ಊರು ಔರಾದ್, ಕೆಲಸ ಬೀದರಿನ ಕೊಳಾರದ ಗೋದಾಮಿನಲ್ಲಿ, ಎಚ್‌ಐವಿ ಗುಳಿಗೆ ಅಲ್ಲಿನದೇ ಎಆರ್‌ಟಿ ಕೇಂದ್ರದಲ್ಲಿ. ಒಂದು ವಾರದಿಂದ ಮೂಟೆ ಎತ್ತಿದರೆ ಎದೆಗೆ ಹಗ್ಗ ಬಿಗಿದಂತಾಗಿ ಎಡಗೈ ಜಗ್ಗುತ್ತಿತ್ತು. ಗುರುತಿನವರಿಲ್ಲದ ಊರೆಂದು ಭಾಲ್ಕಿಯ ಬಸ್ಸು ಹತ್ತಿದ್ದೆ.

ಡಾಕ್ಟರು ಇಸಿಜಿ ಕಾಗದ ನೋಡಿದರು. "ಇದರಾಗ ಸ್ವಲ್ಪ ಫರಕ್ ಅದ. ಬ್ಯಾರೆ ಏನರೆ ಬ್ಯಾನಿ? ಗುಳಗಿ ತಗೋತಿ ಏನು?"

"ಏನಿಲ್ರಿ ಸಾಹೇಬ್ರ. ಪೈಲ್ವಾನ್ ಇದ್ದೇನಿ."

ಹುರುಪಿನಲ್ಲಿ ವಯಸ್ಸನ್ನೂ ಏಳು ವರ್ಷ ಇಳಿಸಿ ಬರೆಸಿದ್ದೆ. "ಇಪ್ಪತ್ತೆರಡಕ್ಕ ಹಾರ್ಟ್ ಇರಲಿಕ್ಕಿಲ್ಲ, ಗ್ಯಾಸ್ ಇರಬೇಕು. ಮತ್ತ ನೋವು ಬಂದ್ರ ಕೂಡಲೇ ಬಾ," ಎಂದರು. ಗೆದ್ದ ಖುಷಿಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಗರೇಟು ಹಚ್ಚಿದೆ.

ಮತ್ತೆ ಬಂತು. ನಾನು ಹೋಗಲಿಲ್ಲ. ಮೂರನೇ ದಿನ ಗುಳಿಗೆ ತರಲು ಕೇಂದ್ರದ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತೆ, ಅಂಗಿ ಬೆವರಿನಿಂದ ತೊಯ್ದಿತ್ತು. ನರ್ಸಿನ ಮುಂದೆ ಕಾರ್ಡು ತೆಗೆಯುವಾಗ ಭಾಲ್ಕಿಯ ಇಸಿಜಿ ಕಾಗದ ಜಾರಿ ಮೇಜಿನ ಮೇಲೆ ಬಿತ್ತು.

"ಇದು ಯಾರದು?"

"ದೋಸ್ತಂದ್ರಿ ಅಕ್ಕಾ."

"ದೋಸ್ತನೂ ನಮ್ಮ ಗುಳಗಿ ನುಂಗ್ತಾನೇನು?"

"ಹ್ಞೂಂ ರಿ."

"ಸಿಗರೇಟ್?"

"ಅಂವಗ ಹೇಳಿ ಹೇಳಿ ನನಗ ಸಾಕಾಗ್ಯದ್ರಿ."

ಯಾವಾಗಲೂ ನನ್ನ ಮಾತಿಗೆ ನಗುವ ಅಕ್ಕ ಈ ಸಲ ನಗಲಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ಫೋನ್ ಮಾಡಿ ಗಾಲಿಕುರ್ಚಿ ತರಲು ಹೇಳಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದರು, ನಾಡಿ ನೋಡುವ ಬೆರಳು ಬಿಡಲೇ ಇಲ್ಲ.

"ದೋಸ್ತಗ ಹೇಳು ತಮ್ಮಾ. ಗುಳಗಿಯಿಂದ ವೈರಸ್ ಹತೋಟಿಗಿ ಬಂದದ, ಖರೆ. ಆದ್ರ ಈ ಬ್ಯಾನಿ ಇದ್ದವರಿಗಿ ಹಾರ್ಟಿನ ತ್ರಾಸ ವಯಸ್ಸು ಆಗೂತನಕ ಕಾಯಂಗಿಲ್ಲ. ಆ ಡಾಕ್ಟರಿಗಿ ಅಂವ ಖರೆ ಹೇಳಿದ್ರ ಅವತ್ತೇ ಹಿಡೀತಿದ್ರು. ಈಗ ಎದ್ದು ನಡಿಯೂದು ಬ್ಯಾಡ ಅನ್ನು. ಒಳಗ ಅವನ ಖರೆ ಹೆಸರೇ ಕೂಗ್ತೇವಿ. ಕೂಗಿದಾಗೊಮ್ಮೆ ಓ ಅಂತಿರ್ಲಿ."