ಚುಚ್ಚುವ ಕಂಬಳಿ

ಬಾಡಿಗೆ ಮನೆಗೆ ಓನರು ಟೈಲ್ಸ್ ಹಾಕಿಸಿದ ಮೇಲೆ ಹೊಸದುರ್ಗದ ಚಳಿ ನಮ್ಮ ಚಾಪೆಯವರೆಗೂ ಬಂತು. ಹತ್ತಿಯ ಹಾಸಿಗೆ ಕೊಳ್ಳುವ ಶಕ್ತಿಯೇ ನಮಗಿರಲಿಲ್ಲ, ಹೀಟರಿನ ಮಾತಂತೂ ದೂರ. ಆದರೆ ಕುರಿ ಕಾಯುತ್ತಿದ್ದ ಅಪ್ಪ ಕೊಟ್ಟ ಕರಿ ಕಂಬಳಿ ಇತ್ತು. ಅದಿರುವ ತನಕ ನಾನು ಯಾವ ಚಳಿಗೂ ಸೊಪ್ಪು ಹಾಕುವವಳಲ್ಲ.

ಹೋದ ಸಂಕ್ರಾಂತಿಗೆ ಹಿರಿಯೂರಿನಿಂದ ತಂಗಿ ಬಂದಳು. ಕಂಬಳಿ ಮುಟ್ಟಿ ಮುಖ ಸಿಂಡರಿಸಿ, "ಚುಚ್ತೈತೆ ಕಣಕ್ಕ" ಎಂದವಳೇ ಮನೆಯಲ್ಲಿದ್ದ ಎರಡೂ ರಗ್ಗು ಹೊದ್ದು ಬರೀ ಚಾಪೆಯ ಮೇಲೆ ಮಲಗಿದಳು. ಬೆಳಗ್ಗೆ ನೋಡಿದರೆ ಹಲ್ಲು ಕಟಕಟ ಎನ್ನುತ್ತಿತ್ತು.

ನನಗೆ ರೇಗಿತು. "ಲೇ, ಚಳಿ ಏರೋದು ನೆಲದಿಂದ. ಮೇಲೆ ಎಷ್ಟು ಹೇರ್ಕಂಡ್ರೆ ಏನು ಬಂತು?" ಎಂದೆ. ಆ ರಾತ್ರಿ ಚಾಪೆಯ ಮೇಲೆ ಕಂಬಳಿ ಹಾಸಿ, ಚುಚ್ಚದಂತೆ ಅದರ ಮೇಲೊಂದು ಹಳೇ ಸೀರೆ ಮಡಿಚಿ ಹಾಕಿ ಅವಳನ್ನು ಮಲಗಿಸಿದೆ. ಮಾರನೆಯ ದಿನ ಅವಳು ಎದ್ದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು.

ಊರಿಗೆ ಹೊರಟಾಗ ಅವಳ ಚೀಲ ಬರುವಾಗಿನದಕ್ಕಿಂತ ದಪ್ಪಗಿತ್ತು. ಚೀಲದ ಬಾಯಿಂದ ಕಂಬಳಿಯ ಕರಿ ಅಂಚು ಇಣುಕುತ್ತಿತ್ತು. ನಾನು ಅದನ್ನು ಎಳೆದು ತೆಗೆದೆ.

"ಬೇಕಾದ್ರೆ ಎರಡೂ ರಗ್ಗು ತಗಂಡೋಗು," ಎಂದೆ. "ಚುಚ್ಚೋದು ನಂಗೇ ಇರ್ಲಿ."