ಅತ್ತೆಗೆ ನಾನು ಇಟ್ಟ ಗಡಿಯಾರ

ನಮ್ಮತ್ತೆಗೆ ಮರೆವಿನ ಕಾಯಿಲೆ ಎಂದು ಹುಣಸೂರಿನ ಡಾಕ್ಟರು ಹೇಳಿದ ದಿನ ನನ್ನ ಗಂಡ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತರು. ನಾನು ಅಳಲಿಲ್ಲ. ನನಗೆ ಬಂದದ್ದು ಸಿಟ್ಟು. ಈ ಹೆಂಗಸಿನ ಬಾಯಿಂದ ಒಂದೇ ಒಂದು ಮಾತು ಕೇಳಬೇಕೆಂದು ಇಪ್ಪತ್ತೆರಡು ವರ್ಷ ಕಾದಿದ್ದೇನೆ, ಈಗ ಅದನ್ನೂ ಮರೆತು ಪಾರಾಗಿಬಿಡುತ್ತಾರಲ್ಲ ಎಂಬ ಸಿಟ್ಟು. ಡಾಕ್ಟರು ಸಮಾಧಾನವಾಗಿ ಹೇಳಿದರು: ಹೊತ್ತು ಗೊತ್ತಾಗದೆ ಇಂಥವರಿಗೆ ಗಾಬರಿ ಹೆಚ್ಚುತ್ತದೆ, ಗಂಟೆ ಎಷ್ಟು, ವಾರ ಯಾವುದು, ಬೆಳಗೋ ಸಂಜೆಯೋ ಎಂಬುದು ಕಣ್ಣೆದುರಿಗೆ ದೊಡ್ಡದಾಗಿ ಕಾಣುವಂತೆ ಏನಾದರೂ ಇಡಿ, ಮನೆಯಲ್ಲಿ ಹಳೇ ಟ್ಯಾಬ್ ಇದ್ದರೆ ಅದೇ ಸಾಕು. ಗಂಡ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮಾಡುತ್ತೇನೆ ಅಂದೆ. ಇಂಥ ಸೊಸೆ ಸಿಗೋದಕ್ಕೆ ಪುಣ್ಯ ಮಾಡಿರಬೇಕು ಎಂದರು ಡಾಕ್ಟರು.

ಪುಣ್ಯವೋ ಪಾಪವೋ, ಆ ಕತೆ ಹೇಳಿಬಿಡುತ್ತೇನೆ.

ನಮ್ಮ ಮನೆ ರಾವಂದೂರಿನ ಆಚೆಗಿನ ಒಂದು ಹಳ್ಳಿಯಲ್ಲಿ. ನಾನು ಮದುವೆಯಾಗಿ ಬಂದಾಗ ಇಡೀ ಮನೆ ಒಂದು ಗೋಡೆ ಗಡಿಯಾರದ ಮಾತು ಕೇಳುತ್ತಿತ್ತು, ಗಡಿಯಾರ ಅತ್ತೆಯ ಮಾತು ಕೇಳುತ್ತಿತ್ತು. ಬಸ್ಸು ತಪ್ಪಬಾರದೆಂದು ಅದನ್ನು ಯಾವಾಗಲೂ ಹದಿನೈದು ನಿಮಿಷ ಮುಂದೆ ಇಟ್ಟಿರುತ್ತಿದ್ದರು. ಹಾಗೆ ಇಟ್ಟಿದ್ದಾರೆಂದು ಮನೆಯವರಿಗೆಲ್ಲ ಗೊತ್ತು. ಆದ್ದರಿಂದ ನೋಡಿದವರೆಲ್ಲ ಮನಸ್ಸಿನಲ್ಲೇ ಹದಿನೈದು ಕಳೆದು, ಇನ್ನೂ ಹೊತ್ತಿದೆ ಎಂದು ಕೂರುವುದು. ಹಾಗಾದರೆ ಮುಂದೆ ಇಟ್ಟು ಏನು ಬಂತು ಎಂದು ಹೊಸದರಲ್ಲಿ ಕೇಳಿ ಬೈಸಿಕೊಂಡಿದ್ದೆ. ಆಮೇಲೆ ನಾನೂ ಕಳೆಯುವುದನ್ನು ಕಲಿತೆ.

ನಾನು ಹೇಳುತ್ತಿರುವುದು ಇಪ್ಪತ್ತೆರಡು ವರ್ಷದ ಹಿಂದಿನ ಒಂದು ದಿನ, ಹೊಗೆಸೊಪ್ಪಿನ ಕಾಲ. ಬೆಳಗ್ಗೆ ಮುರಿದು ತಂದ ಸೊಪ್ಪನ್ನು ಅವತ್ತೇ ಕಡ್ಡಿಗೆ ಕಟ್ಟಿ, ಬೆಂಕಿಯ ಬಿಸಿಯಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಮನೆಗೆ ಏರಿಸಬೇಕು. ತಡವಾದರೆ ಎಲೆ ಬಾಡಿ ಕೆಡುತ್ತದೆ. ಹನ್ನೊಂದು ಗಂಟೆ ಹೊತ್ತಿಗೆ ಊರ ಅಂಗಡಿಯ ಫೋನಿಗೆ ನನ್ನ ತವರಿನಿಂದ ಸುದ್ದಿ ಬಂತು. ನನ್ನ ತವರು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದ ಪಕ್ಕ. ಅಪ್ಪನಿಗೆ ಕಾಯಿಲೆ ಜಾಸ್ತಿಯಾಗಿದೆ, ಮಗಳು ಬಂದು ನೋಡಿಕೊಂಡು ಹೋಗಲಿ ಎಂದು. ನಾನು ಚೀಲ ತುಂಬಿ ಬಾಗಿಲ ಬಳಿ ಇಟ್ಟೆ. ಬಸ್ಸಿರುವುದು ಎರಡು ಗಂಟೆಗೆ ತಾನೆ, ಅಲ್ಲಿವರೆಗೆ ಸುಮ್ಮನೆ ಕೂತು ಏನು ಮಾಡುತ್ತೀ, ಕಡ್ಡಿ ಕಟ್ಟು ಎಂದರು ಅತ್ತೆ. ಗಂಡ ಬ್ಯಾರನ್ನಿಗೆ ಸೌದೆ ತರಲು ಪಿರಿಯಾಪಟ್ಟಣಕ್ಕೆ ಹೋಗಿದ್ದರು. ಜಗಲಿಯಲ್ಲಿ ನಾನು ಅತ್ತೆ ಇಬ್ಬರೇ. ಕೂತ ಜಾಗದಿಂದ ಕತ್ತು ತಿರುಗಿಸಿದರೆ ಒಳಗಿನ ಗಡಿಯಾರ ಕಾಣುತ್ತಿತ್ತು. ನಡುವೆ ಒಮ್ಮೆ ಅತ್ತೆ ನೀರು ಕುಡಿಯಲು ಒಳಗೆ ಹೋಗಿ ಬಂದರು.

ನಾನು ತಲೆಯೆತ್ತಿ ನೋಡಿದಾಗ ಒಂದೂ ಮುಕ್ಕಾಲು. ಹದಿನೈದು ಕಳೆದೆ. ಒಂದೂವರೆ. ಈ ಕಡ್ಡಿ ಮುಗಿಸಿ ಕೈ ತೊಳೆಯೋಣ ಅಂದುಕೊಂಡೆ. ಆಗ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಕೈಗೆ ಮೆತ್ತಿದ ಅಂಟಿನ ಸಮೇತ ಚೀಲ ಹಿಡಿದು ಓಡಿದೆ. ಬಸ್ಸಿನ ಹಿಂಭಾಗ ಕಂಡಿತು, ಧೂಳು ಕಂಡಿತು. ಆಮೇಲಿನ ಬಸ್ಸು ಹುಣಸೂರು ಮುಟ್ಟುವಷ್ಟರಲ್ಲಿ ಅಲ್ಲಿಂದ ನನ್ನ ತವರಿನ ಕಡೆಗೆ ಬಸ್ಸು ಇರುತ್ತಿರಲಿಲ್ಲ. ವಾಪಸ್ಸು ಬಂದಾಗ ಅತ್ತೆ ಕತ್ತೆತ್ತದೆ ಹೇಳಿದರು.

"ಬಸ್ ಓಯ್ತು ಬುಡು. ನಾಳೆ ಓಗೀವಂತೆ."

ನಾನು ಕೂತು ಮಿಕ್ಕ ಕಡ್ಡಿ ಕಟ್ಟಿದೆ. ನನ್ನನ್ನು ನಾನೇ ಕ್ಷಮಿಸದಿರುವುದು ಅದೊಂದಕ್ಕೆ.

ಅಪ್ಪ ಅವತ್ತು ಸಂಜೆ ಆರೂವರೆಗೆ ಹೋದರು. ಎರಡು ಗಂಟೆಯ ಬಸ್ಸು ಸಿಕ್ಕಿದ್ದರೆ ಐದೂವರೆಗೆ ನಾನು ಅವರ ಪಕ್ಕದಲ್ಲಿ ಇರುತ್ತಿದ್ದೆ. ಒಂದು ಗಂಟೆ ಸಿಗುತ್ತಿತ್ತು. ಮಾತು ನಿಲ್ಲುವವರೆಗೂ ಬಸ್ ಬಂತಾ, ಬಸ್ ಬಂತಾ ಎಂದು ಕೇಳುತ್ತಲೇ ಇದ್ದರಂತೆ. ಇದನ್ನು ಹೇಳಿದ್ದು ನಮ್ಮವ್ವ. ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು. ಮಾರನೇ ದಿನ ಅಪ್ಪನ ಹಣೆಗೆ ವಿಭೂತಿ ಹಚ್ಚಲು ನಾನು ಕೈ ನೀಡಿದಾಗ ಬೆರಳೆಲ್ಲ ಹೊಗೆಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ಅದು ಸೋಪಿಗೆ ಹೋಗುವುದಲ್ಲ.

ಹನ್ನೊಂದು ದಿನ ಕಳೆದು ಬಂದು ನೋಡಿದರೆ ಮನೆಯ ಗಡಿಯಾರ ಹದಿನೈದು ನಿಮಿಷ ಮುಂದೆ ಇರುವುದರ ಬದಲು ಹದಿನೈದು ನಿಮಿಷ ಹಿಂದೆ ಇತ್ತು. ಶೆಲ್ ಇಳಿದಿರಬೇಕು ಎಂದರು ಅತ್ತೆ. ಅದನ್ನು ಗೋಣಿಚೀಲದಲ್ಲಿ ಸುತ್ತಿ ಪಿರಿಯಾಪಟ್ಟಣದ ವಾಚ್ ರಿಪೇರಿ ಸಾಬರ ಹತ್ತಿರ ಒಯ್ದೆ. ಅವರು ಒಂದು ವಾರ ಅಂಗಡಿಯ ಗೋಡೆಗೆ ಹಾಕಿ ನೋಡಿದರು. ವಾರದಲ್ಲಿ ಒಂದು ನಿಮಿಷವೂ ಹಿಂದೆ ಬೀಳಲಿಲ್ಲ, ಶೆಲ್ಲೂ ಗಟ್ಟಿಯಾಗಿದೆ ಎಂದರು. ಆಮೇಲೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಗಡಿಯಾರ ಒಂದೇ ಸಲಕ್ಕೆ ಅರ್ಧ ಗಂಟೆ ಹಿಂದೆ ಹೋಗಲ್ಲಮ್ಮ. ಯಾರೋ ಕೈಯಲ್ಲಿ ತಿರುಗಿಸವ್ರೆ."

ಮನೆಗೆ ಬಂದು ಕೇಳಿದೆ. ನಂಗೇನ್ ಗೊತ್ತು ಎಂದರು ಅತ್ತೆ. ಇನ್ನೊಮ್ಮೆ ಕೇಳಿದ್ದಕ್ಕೆ ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದರು. ಗಂಡ, ಧೂಳು ಹೊಡೆಯುವಾಗ ಮುಳ್ಳು ತಿರುಗಿರಬಹುದು ಎಂದರು. ಒಳ್ಳೆಯ ಮನುಷ್ಯ, ಪಾಪ, ತಾಯಿಯ ವಿಷಯ ಬಂದರೆ ಕಣ್ಣು ಕಾಣುವುದಿಲ್ಲ. ನಾನು ಆಮೇಲೆ ಕೇಳುವುದನ್ನು ಬಿಟ್ಟೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಮನಸ್ಸಿನಲ್ಲಿ ಹೇಳಿಕೊಂಡು, ಇಪ್ಪತ್ತೆರಡು ವರ್ಷ ಮುದ್ದೆ ತಿರುವಿ ಬಡಿಸಿದೆ.

ಈಗ ಕಾಲವನ್ನು ನನ್ನ ಕೈಗೇ ಕೊಟ್ಟಿದ್ದರು. ಮಗಳು ಆನ್‌ಲೈನ್ ಕ್ಲಾಸಿಗೆ ಇಟ್ಟುಕೊಂಡಿದ್ದ ಟ್ಯಾಬ್ ಬೀರುವಿನಲ್ಲಿ ಬಿದ್ದಿತ್ತು, ಒಂದು ಮೂಲೆ ಒಡೆದಿತ್ತು. ಗಡಿಯಾರದ ಆಪ್ ಹಾಕಿದೆ. ಕಪ್ಪು ಹಿನ್ನೆಲೆಯ ಮೇಲೆ ಅಂಗೈಯಗಲದ ಹಳದಿ ಅಂಕಿ, ಕೆಳಗೆ ಕನ್ನಡದಲ್ಲಿ ವಾರ, ಅದರ ಕೆಳಗೆ ಬೆಳಗ್ಗೆ, ಮಧ್ಯಾಹ್ನ, ಸಂಜೆ. ಪರದೆ ಆರದ ಹಾಗೆ ಮಾಡಿ ಚಾರ್ಜರನ್ನು ಸಿಕ್ಕಿಸಿಯೇ ಇಟ್ಟೆ. ಎರಡನೇ ದಿನ ಅತ್ತೆಯ ಬೆರಳು ತಾಗಿ ಯಾವುದೋ ಸೀರೆಯ ಜಾಹೀರಾತು ಬಂತು. ಅದರಲ್ಲಿದ್ದ ಹೆಂಗಸನ್ನು ಅತ್ತೆ ಕೂತ್ಕೊ ಎಂದು ಉಪಚಾರ ಮಾಡಿ, ಅವಳಿಗೆ ಕಾಫಿ ಕೊಡಲಿಲ್ಲವೆಂದು ನನ್ನನ್ನು ಬೈದರು. ಟ್ಯಾಬನ್ನು ಪಿರಿಯಾಪಟ್ಟಣಕ್ಕೆ ಒಯ್ದೆ. ಅದೇ ಸಾಬರು, ಈಗ ಗಡ್ಡ ಬೆಳ್ಳಗಾಗಿದೆ, ವಾಚಿಗಿಂತ ಮೊಬೈಲ್ ರಿಪೇರಿಯೇ ಹೆಚ್ಚು. ನೆಟ್ ತೆಗೆದು, ಮುಟ್ಟಿದರೂ ಗಡಿಯಾರ ಬಿಟ್ಟು ಬೇರೇನೂ ಬರದಂತೆ ಲಾಕ್ ಮಾಡಿ, ಪಕ್ಕದ ಗುಂಡಿಗಳ ಮೇಲೆ ಟೇಪು ಸುತ್ತಿ, ಮರದ ಒಂದು ಸ್ಟ್ಯಾಂಡನ್ನೂ ಮಾಡಿಕೊಟ್ಟರು. ಲಾಕ್ ತೆಗೆಯುವ ನಂಬರು ನನಗೊಬ್ಬಳಿಗೇ ಹೇಳಿದರು.

ಆದರೂ ಒಂದು ತೊಡಕು ಉಳಿಯಿತು. ಟ್ಯಾಬ್ ಒಂದು ಗಂಟೆ ತೋರಿಸಿದಾಗ ಊಟಕ್ಕೆ ಕರೆದರೆ ಅತ್ತೆ ಏಳುತ್ತಿರಲಿಲ್ಲ. ಇನ್ನೂ ಹೊತ್ತಿದೆ ಎನ್ನುವರು. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಮಗನ ಮದುವೆ ಮರೆತಿದ್ದರು, ತಮ್ಮ ಗಂಡ ಸತ್ತದ್ದು ಮರೆತಿದ್ದರು, ಹದಿನೈದು ಕಳೆಯುವುದನ್ನು ಮಾತ್ರ ಮರೆತಿರಲಿಲ್ಲ. ಟ್ಯಾಬನ್ನು ಹದಿನೈದು ನಿಮಿಷ ಮುಂದಿಟ್ಟೆ. ಅವತ್ತಿನಿಂದ ಹೊತ್ತಿಗೆ ಸರಿಯಾಗಿ ಉಂಡರು, ಹೊತ್ತಿಗೆ ಸರಿಯಾಗಿ ಮಲಗಿದರು, ಗಾಬರಿ ಕಡಿಮೆಯಾಯಿತು.

ನೆಂಟರು ಬಂದು ನೋಡಿ ನನ್ನನ್ನು ಹೊಗಳಿದರು. ನಾನು ತಲೆ ಬಗ್ಗಿಸಿ ಹೊಗಳಿಸಿಕೊಂಡೆ. ಅತ್ತೆಯ ನೆನಪು ಗಟ್ಟಿಯಾಗಿರಲಿ ಎಂದು ನಾನು ಬೇಡಿಕೊಂಡಷ್ಟು ಅವರ ಮಗನೂ ಬೇಡಿಕೊಂಡಿರಲಾರರು. ಆ ಒಂದು ಮಧ್ಯಾಹ್ನ ಎಲ್ಲಿ ಅಳಿಸಿಹೋಗುತ್ತದೋ ಎಂಬ ಭಯ ನನಗೆ. ದಿನವೂ ಊಟವಾದ ಮೇಲೆ ಎದುರು ಕೂತು ಮೆಲ್ಲಗೆ ಕೇಳುತ್ತಿದ್ದೆ, ಅತ್ತೆ, ಗೋಡೆ ಗಡಿಯಾರ ಹಿಂದಕ್ಕೆ ತಿರುಗಿಸಿದ್ದು ಯಾರು ಎಂದು. ಅವರು ಟ್ಯಾಬಿನ ಕಡೆ ನೋಡಿ, ಇದು ಸರಿಯಾಗೇ ಐತಲ್ಲ ಎನ್ನುವರು.

ಆಮೇಲೆ ಅವರಿಗೆ ತವರಿನ ನೆನಪು ಹತ್ತಿತು. ಅವರ ತವರು ಗುರುಪುರದ ಕಡೆ. ಅವರಪ್ಪ ಸತ್ತು ಯಾವ ಕಾಲವಾಯಿತೋ. ಅವರಿಗೆ ಮಾತ್ರ ಅಪ್ಪ ಬದುಕಿದ್ದಾರೆ, ಹುಷಾರಿಲ್ಲದೆ ಮಲಗಿದ್ದಾರೆ. ದಿನವೂ ಮಧ್ಯಾಹ್ನ ಒಂದು ಕೈಚೀಲಕ್ಕೆ ಟವೆಲ್ಲು, ವಿಭೂತಿ ಗಟ್ಟಿ ತುಂಬಿ ಮಡಿಲಲ್ಲಿ ಇಟ್ಟುಕೊಂಡು, ಎರಡು ಗಂಟೆ ಬಸ್ಸಿಗೆ ಹೋಗಬೇಕು ಎನ್ನುವರು. ಗಂಡ ಬೀದಿಯ ಕೊನೆಯವರೆಗೆ ನಡೆಸಿಕೊಂಡು ಹೋಗಿ, ಬಸ್ಸು ಬರುವ ಮುಂಚೆಯೇ ಏನಾದರೂ ಮಾತಾಡಿಸಿ ವಾಪಸ್ಸು ಕರೆತರುತ್ತಿದ್ದರು. ಅಷ್ಟಕ್ಕೇ ಅತ್ತೆ ಮರೆಯುತ್ತಿದ್ದರು. ನಾನು ನೋಡುತ್ತಿದ್ದೆ. ಅದೇ ಎರಡು ಗಂಟೆ, ಅದೇ ಹುಷಾರಿಲ್ಲದ ಅಪ್ಪ, ಬಾಗಿಲ ಬಳಿ ಚೀಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ?

ಗಂಡ ಕೆ.ಆರ್. ನಗರಕ್ಕೆ ಒಂದು ಮದುವೆಗೆ ಹೋದ ದಿನ ಲಾಕ್ ತೆಗೆದೆ. ಅರ್ಧ ಗಂಟೆ ಹಿಂದಕ್ಕೆ ಇಟ್ಟೆ. ಅದಕ್ಕೆ ನಾಲ್ಕು ಸಲ ಬೆರಳು ತಾಗಿಸಿದರೆ ಸಾಕಾಯಿತು. ಗೋಡೆ ಗಡಿಯಾರಕ್ಕಾದರೆ ಅತ್ತೆ ಸ್ಟೂಲು ಹತ್ತಬೇಕಾಗಿತ್ತು.

ಅತ್ತೆ ಚೀಲ ಹಿಡಿದು ಟ್ಯಾಬಿನ ಮುಂದೆ ಕೂತರು. ನಾನು ಎದುರಿಗೆ ಅವರೆಕಾಯಿ ಸುಲಿಯುತ್ತಾ ಕೂತೆ. ನನಗೆ ಖುಷಿಯಾಗಿತ್ತು, ಮುಚ್ಚಿಡುವುದೇನು? ಅವರು ಪದೇ ಪದೇ ಅಂಕಿ ನೋಡುವುದು, ತುಟಿ ಅಲ್ಲಾಡಿಸಿ ಹದಿನೈದು ಕಳೆಯುವುದು, ನೆಮ್ಮದಿಯಾಗಿ ಸೆರಗು ಸರಿಮಾಡಿಕೊಳ್ಳುವುದು, ಎಲ್ಲವನ್ನೂ ಕಣ್ತುಂಬ ನೋಡಿದೆ. ಟ್ಯಾಬ್ ಒಂದೂ ಮುಕ್ಕಾಲು ತೋರಿಸುವಾಗ ತಿರುವಿನಲ್ಲಿ ಹಾರನ್ ಆಯಿತು. ಅತ್ತೆ ಗಡಬಡಿಸಿ ಎದ್ದರು, ಮಂಡಿ ಹಿಡಿದು ಮತ್ತೆ ಕೂತರು. ಬಸ್ಸು ಬೀದಿಯ ಕೊನೆಯಲ್ಲಿ ಹಾದುಹೋದ ಸದ್ದು ಕೇಳಿಸಿತು. ನಾನು ಕತ್ತೆತ್ತಲಿಲ್ಲ.

"ಬಸ್ ಓಯ್ತು ಬುಡಿ ಅತ್ತೆ. ನಾಳೆ ಓಗೀರಂತೆ."

ಇಪ್ಪತ್ತೆರಡು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು. ಆಡಿದ ಮೇಲೆ ಅವರ ಮುಖ ನೋಡಿದೆ. ಅಳುತ್ತಾರೆ ಅಂದುಕೊಂಡಿದ್ದೆ. ಅವರು ಅಳಲಿಲ್ಲ. ಟ್ಯಾಬಿನ ಹತ್ತಿರಕ್ಕೆ ಬಗ್ಗಿ ಅಂಕಿಗಳನ್ನು ಬಹಳ ಹೊತ್ತು ನೋಡಿದರು. ಹಳೆಯ ಅತ್ತೆ ಒಂದು ಗಳಿಗೆ ಆ ಕಣ್ಣಿಗೆ ಬಂದರು.

"ಯಾರೋ ಇಂದಕ್ಕೆ ತಿರುಗ್ಸವ್ರೆ ಕಣವ್ವ. ನಾನೂ ಇಂಗೇ ತಿರುಗ್ಸಿದ್ದೆ."

ಕೈಯಲ್ಲಿದ್ದ ಕಾಯಿಯನ್ನು ಪಕ್ಕಕ್ಕಿಟ್ಟೆ. ಯಾರಿಗೆ ತಿರುಗಿಸಿದ್ದು ಎಂದು ಕೇಳಿದೆ. ಸೊಸೆಗೆ ಎಂದರು. ಯಾಕೆ ಎಂದೆ. ಸೊಪ್ಪು ಬಾಡುತ್ತಿತ್ತು, ಇನ್ನೂ ನಲವತ್ತು ಕಡ್ಡಿ ಉಳಿದಿದ್ದವು ಎಂದರು. ಮಗನ ಹೆಸರು ನೆನಪಿಲ್ಲದವರಿಗೆ ಕಡ್ಡಿಯ ಲೆಕ್ಕ ನೆನಪಿತ್ತು. ನಲವತ್ತು ಕಡ್ಡಿ ಸೊಪ್ಪಿಗೆ ನಮ್ಮಪ್ಪ ಬಾಗಿಲು ನೋಡುತ್ತಾ ಸತ್ತರು.

ಈ ಮಾತು ಕೇಳಿದ ದಿನ ಏನೇನು ಮಾಡಬೇಕೆಂದು ನಾನು ಒಲೆಯ ಮುಂದೆ ಎಷ್ಟೋ ಸಲ ಯೋಚಿಸಿದ್ದೆ. ಊರು ಸೇರಿಸಬೇಕು, ಗಂಡನ ಎದುರು ನಿಲ್ಲಿಸಬೇಕು, ಆಣೆ ಮಾಡಿದ ಆ ಲಿಂಗವನ್ನು ಅವರ ಅಂಗೈಗೇ ಇಟ್ಟು ಕೇಳಬೇಕು. ಒಂದೂ ನೆನಪಾಗಲಿಲ್ಲ. ಎದ್ದು ಅವರ ಮುಂದೆ ನಿಂತು, ಆ ಸೊಸೆ ನಾನೇ ಅಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. ಇಷ್ಟು ನರೆತ ತಲೆಯವಳು ಸೊಸೆ ಹೇಗಾಗುತ್ತಾಳೆ ಎಂಬಂತೆ ನಕ್ಕರು.

"ನೀನಾ? ಅವ್ಳು ಚಿಕ್ಕುಡುಗಿ ಕಣವ್ವ. ಕೈಯೆಲ್ಲ ಒಗೆಸೊಪ್ಪಿನ ಅಂಟು. ಅಪ್ಪನ್ ಮನೆಗೋಗವ್ಳೆ, ಬರ್ಲಿ. ಬಂದ್ಮೇಲೆ ಈ ಮಾತ್ನ ನಾನೇ ಅವ್ಳಿಗ್ ಏಳ್ತೀನಿ, ನೀನ್ ಏಳ್ಬ್ಯಾಡ."

ನಾನು ನನ್ನ ಕೈ ನೋಡಿಕೊಂಡೆ. ಅವರೆಕಾಯಿಯ ನಾರು ಬಿಟ್ಟರೆ ಏನೂ ಇರಲಿಲ್ಲ. ಹೊಗೆಸೊಪ್ಪು ಬೆಳೆಯುವುದನ್ನು ನಾವು ಬಿಟ್ಟು ಆರು ವರ್ಷವಾಗಿದೆ.

ಅವತ್ತು ಸಂಜೆ ಟ್ಯಾಬನ್ನು ಮತ್ತೆ ಹದಿನೈದು ನಿಮಿಷ ಮುಂದಕ್ಕೆ ಇಟ್ಟು ಲಾಕ್ ಮಾಡಿದೆ. ಗಂಡನಿಗೆ ಹೇಳಿದೆ. ಅವರು, ಅವ್ವನಿಗೆ ಈಗ ತಾನೇನು ಮಾತಾಡುತ್ತಿದ್ದೇನೆ ಅನ್ನುವುದು ಗೊತ್ತಾಗುವುದಿಲ್ಲ ಎಂದರು. ಇರಬಹುದು. ನನಗೆ ಗೊತ್ತಾಗುತ್ತದೆ.

ಆಮೇಲೆ ಅತ್ತೆ ತಮ್ಮ ತವರಿಗೆ ಹೋಗುವ ಮಾತೇ ಎತ್ತಿಲ್ಲ. ಮಧ್ಯಾಹ್ನವಾದರೆ ಬಾಗಿಲ ಕಡೆಗೆ ತಿರುಗಿ ಕೂರುತ್ತಾರೆ. ಆ ಹುಡುಗಿ ನಾಲ್ಕು ಗಂಟೆ ಬಸ್ಸಿಗೆ ಬರುತ್ತಾಳಂತೆ, ಅವಳಿಗೆ ಏನೋ ಹೇಳಬೇಕಂತೆ. ಏನೆಂದು ಕೇಳಿದರೆ ಈಗ ಅದೂ ನೆನಪಿಲ್ಲ, ಹೇಳಬೇಕು ಅನ್ನುವುದಷ್ಟೇ ಉಳಿದಿದೆ. ಅವಳು ಬಂದಳು ಎಂದು ನಾನು ಒಂದು ಸುಳ್ಳು ಹೇಳಿದರೆ ಅವರ ಜೀವ ತಣ್ಣಗಾಗುತ್ತದೆ. ನಾನು ಹೇಳುವುದಿಲ್ಲ. ಕಾಯಲಿ, ನಮ್ಮಪ್ಪ ಕಾಯಲಿಲ್ಲವೇ? ಹಾರನ್ ಕೇಳಿದಾಗ ಅವರು ನನ್ನ ಕೈ ಹಿಡಿದು ಬಸ್ ಬಂತಾ ಎಂದು ಕೇಳುತ್ತಾರೆ. ಬಂತು ಅತ್ತೆ, ಅವಳು ಇಳೀಲಿಲ್ಲ ಎನ್ನುತ್ತೇನೆ. ಹಾಗೆ ಅನ್ನುವ ಮೊದಲು, ದಿನವೂ, ನಾನೂ ಒಮ್ಮೆ ಬಾಗಿಲ ಕಡೆ ನೋಡುತ್ತೇನೆ.